ಖಾತೆ ತಾಯಿ ಹೆಸರಲ್ಲಿದೆ, ಮಗಳ ಸಹಿ ಬೇಡ ಅಂತಾರೆ. ಈ ಮನೆ ಕೊಳ್ಳಬಹುದಾ?

ಹಳೇಮನೆ ಹುಡುಕಾಟ

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಹನ್ನೊಂದು ವರ್ಷದಿಂದ ಬಾಡಿಗೆ ಮನೆ, ಈಗಿರುವುದು ನಾಲ್ಕನೆಯದು. ಕೊನೆಗೂ ಶಿವಮೊಗ್ಗದಲ್ಲಿ ಒಂದು ಹಳೇ ಮನೆ ಮನಸ್ಸಿಗೆ ಬಂದಿದೆ. 30×40 ಸೈಟು. ಕೆಳಗೆ ಎರಡು ಬೆಡ್‌ರೂಮು, ಮಹಡಿ ಮೇಲೆ ಒಂದು ರೂಮು, ಹಿತ್ತಲಲ್ಲಿ ನುಗ್ಗೆ ಮರ. 62 ಲಕ್ಷಕ್ಕೆ ಮಾತಾಗಿದೆ.

ಮನೆಯ ಯಜಮಾನರು 1994ರಲ್ಲಿ ತಮ್ಮ ದುಡ್ಡಲ್ಲೇ ಸೈಟು ಕೊಂಡು ಕಟ್ಟಿಸಿದ್ದು. 2019ರಲ್ಲಿ ತೀರಿಕೊಂಡರು. ವಿಲ್ ಇಲ್ಲ. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಈಗ ಖಾತೆ ಹೆಂಡತಿ ಹೆಸರಿಗಾಗಿದೆ, ಇ-ಖಾತಾನೂ ಬಂದಿದೆ. ಮಗಳು 2003ರಲ್ಲಿ ಮದುವೆಯಾಗಿ ಹೋದವರು, ಈಗ ಸಂಸಾರ ಸಮೇತ ಮಸ್ಕತ್‌ನಲ್ಲಿದ್ದಾರೆ.

ವ್ಯವಹಾರ ಮಾಡುತ್ತಿರುವುದು ದೊಡ್ಡ ಮಗ. ಅವರು ಹೇಳುವುದು ಇಷ್ಟು: "ಖಾತೆ ಅಮ್ಮನ ಹೆಸರಲ್ಲಿದೆ, ಅಮ್ಮ ಸಹಿ ಹಾಕಿದರೆ ಸಾಕು. ಬೇಕಾದರೆ ನಾವು ಅಣ್ಣ ತಮ್ಮನೂ ಹಾಕುತ್ತೇವೆ. ತಂಗಿಗೆ ಮದುವೆಯಲ್ಲೇ ಕೊಡಬೇಕಾದ್ದೆಲ್ಲ ಕೊಟ್ಟಾಗಿದೆ. ಅವಳು ಬರೋಕೂ ಆಗಲ್ಲ."

ನಾವು 2 ಲಕ್ಷ ಮುಂಗಡ ಕೊಟ್ಟಿದ್ದೇವೆ. ನಗದು. 200 ರೂಪಾಯಿಯ ಸ್ಟಾಂಪ್ ಪೇಪರ್ ಮೇಲೆ ಅಗ್ರಿಮೆಂಟು, ದೊಡ್ಡ ಮಗನ ಸಹಿ, ನೋಟರಿ ಸೀಲು. (ಬೈಯಬೇಡಿ. ಮನೆಯಲ್ಲಿ ಸಾಕಷ್ಟು ಆಗಿದೆ.) ಬ್ರೋಕರ್ 13 ವರ್ಷದ ಇಸಿ (ಋಣಭಾರ ಪ್ರಮಾಣಪತ್ರ) ತಂದುಕೊಟ್ಟಿದ್ದಾರೆ, ಅದರಲ್ಲಿ ಏನೂ ಇಲ್ಲ. ಅವರದೇ ಇನ್ನೊಂದು ಸಲಹೆ, ಕ್ರಯಪತ್ರದಲ್ಲಿ 42 ಲಕ್ಷ ಅಂತ ತೋರಿಸಿದರೆ ನಮಗೂ ಖರ್ಚು ಉಳಿಯುತ್ತದೆ ಅಂತ.

ಜನ ಒಳ್ಳೆಯವರು. ಮನೆ ನೋಡೋಕೆ ಹೋದಾಗ ಹಾಲ್‌ನಲ್ಲಿ ಎರಡು ಫೋಟೋ ಇತ್ತು, ಎರಡಕ್ಕೂ ಹಾರ. ಒಂದು ಯಜಮಾನರದು, ಪಕ್ಕದ್ದು ಅವರ ತಾಯಿಯದು. ಮಗ ಹೋದ ಕೊರಗಲ್ಲೇ ಎರಡು ವರ್ಷಕ್ಕೆ ಆ ಅಜ್ಜಿಯೂ ಹೋದರಂತೆ. ಅದನ್ನು ಹೇಳುತ್ತಾ ಆ ಅಮ್ಮ ಅತ್ತುಬಿಟ್ಟರು. ಇಂಥವರು ಮೋಸ ಮಾಡುತ್ತಾರಾ ಅನ್ನಿಸಿತು. ಆದರೂ ರಾತ್ರಿ ನಿದ್ದೆ ಬರುತ್ತಿಲ್ಲ. ಮಗಳ ಸಹಿ ಇಲ್ಲದೆ ಮುಂದುವರಿಯಬಹುದಾ?

ತುಂಗಾತೀರ

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ ಮೇಡಂ. ಹೆಣ್ಣುಮಕ್ಕಳಿಗೆ ಪಾಲು ಅಂತ ಬಂದಿದ್ದು 2005ರಲ್ಲಿ. ಇವರ ಮದುವೆ ಆಗಿದ್ದು 2003ರಲ್ಲಿ. ಅದಕ್ಕೂ ಮುಂಚೆ ಮದುವೆಯಾದವರಿಗೆ ಹಕ್ಕಿಲ್ಲ. ನಮ್ಮ ಚಿಕ್ಕಮ್ಮನ ವಿಷಯದಲ್ಲಿ ಹೀಗೇ ಹೇಳಿದ್ದರು. ಇನ್ನೊಂದು, ನೀವು ಹೇಗೂ ಲೋನ್ ಮಾಡುತ್ತೀರಿ ಅಲ್ವಾ? ಬ್ಯಾಂಕಿನ ವಕೀಲರು ಎಲ್ಲ ಜಾಲಾಡುತ್ತಾರೆ. ಅವರು ಓಕೆ ಅಂದರೆ ಕಣ್ಣುಮುಚ್ಚಿ ತಗೊಳ್ಳಿ.

ನಿವೃತ್ತ ಪತ್ರಬರಹಗಾರ

ಕಣ್ಣು ಮುಚ್ಚಬೇಡಿ. ನಿಮ್ಮ ಪ್ರಶ್ನೆಯಲ್ಲೇ ಒಂದು ಸಂಗತಿ ಇದೆ. ನೀವೂ ಗಮನಿಸಿಲ್ಲ, ತುಂಗಾತೀರ ಅವರೂ ಗಮನಿಸಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ವಕೀಲನಲ್ಲ. ಮೂವತ್ತೊಂದು ವರ್ಷ ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಮೇಜು ಹಾಕಿಕೊಂಡು ಕ್ರಯಪತ್ರ, ಪಾಲುಪಟ್ಟಿ, ದಾನಪತ್ರ ಬರೆದವನು. ಬರೆದ ಪತ್ರಗಳಲ್ಲಿ ಕೆಲವು ಕೋರ್ಟು ಮೆಟ್ಟಿಲು ಹತ್ತಿದವು, ನಾನೂ ಸಾಕ್ಷಿ ಹೇಳಲು ಹೋಗಿದ್ದೇನೆ. ಕಲಿತದ್ದೆಲ್ಲ ಅಲ್ಲೇ.

ಮೊದಲು ಖಾತೆ. ಖಾತೆ ಅಂದರೆ ಕಂದಾಯ ಯಾರು ಕಟ್ಟಬೇಕು ಅನ್ನುವ ಲೆಕ್ಕ. ಆಸ್ತಿ ಯಾರದ್ದು ಅನ್ನುವುದಕ್ಕೆ ಅದು ಆಧಾರವಲ್ಲ. ಯಜಮಾನ ಸತ್ತ ಮೇಲೆ ಮಕ್ಕಳು "ಅಮ್ಮನ ಹೆಸರಿಗೆ ಮಾಡಿಕೊಡಿ, ನಮ್ಮ ಅಭ್ಯಂತರ ಇಲ್ಲ" ಅಂತ ಬರೆದುಕೊಟ್ಟರೆ ಖಾತೆ ಆಗುತ್ತದೆ. ಅಷ್ಟಕ್ಕೇ ಮಕ್ಕಳ ಪಾಲು ಅಮ್ಮನಿಗೆ ಹೋಗುವುದಿಲ್ಲ. ಇ-ಖಾತಾ ಇಲ್ಲದೆ ಈಗ ನೋಂದಣಿ ಮುಂದಕ್ಕೇ ಹೋಗುವುದಿಲ್ಲ, ಹಾಗಾಗಿ ಅದು ಬೇಕೇ ಬೇಕು. ಆದರೆ ಅದೊಂದೇ ಸಾಲದು.

ಎರಡನೆಯದು ಮಗಳು. ತುಂಗಾತೀರ ಅವರೇ, ನೀವು ಹೇಳಿದ ಮಾತು ಊರೆಲ್ಲ ಓಡಾಡುತ್ತಿದೆ, ನಿಮ್ಮ ತಪ್ಪಲ್ಲ. ನಮ್ಮ ರಾಜ್ಯದ 1994ರ ತಿದ್ದುಪಡಿಯಲ್ಲಿ, ಅದಕ್ಕೆ ಮುಂಚೆ ಮದುವೆಯಾದ ಹೆಣ್ಣುಮಕ್ಕಳಿಗೆ ಇಲ್ಲ ಅನ್ನುವ ಷರತ್ತು ಇತ್ತು. ಆ ನೆನಪೇ ಜನರ ಬಾಯಲ್ಲಿ ಉಳಿದಿದೆ. 2005ರ ಕೇಂದ್ರದ ತಿದ್ದುಪಡಿಯಲ್ಲಿ ಮದುವೆಯ ಷರತ್ತು ಇಲ್ಲ. 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಇನ್ನೂ ಬಿಡಿಸಿ ಹೇಳಿತು, ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಅಂತ.

ಆದರೆ ಇದೆಲ್ಲ ಪಿತ್ರಾರ್ಜಿತ ಆಸ್ತಿಯ ಮಾತು. ಇಲ್ಲಿಗೆ ಸಂಬಂಧವೇ ಇಲ್ಲ. ಇದು ಯಜಮಾನರ ಸ್ವಯಾರ್ಜಿತ, ಅಂದರೆ ಸ್ವಂತ ದುಡ್ಡಲ್ಲಿ ಮಾಡಿದ್ದು. ವಿಲ್ ಬರೆಯದೆ ಸತ್ತ ಅಪ್ಪನ ಸ್ವಯಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಪಾಲು ಅನ್ನುವುದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಇದೆ. (ಕುಟುಂಬ ಹಿಂದೂ ಅಂತ ಅಂದುಕೊಂಡು ಬರೆಯುತ್ತಿದ್ದೇನೆ. ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ಲೆಕ್ಕ ಬೇರೆ.) ಮದುವೆಗೆ ಎಷ್ಟು ಖರ್ಚು ಮಾಡಿದರು, ಎಷ್ಟು ಬಂಗಾರ ಹಾಕಿದರು ಅನ್ನುವುದರಿಂದ ಪಾಲು ಕರಗುವುದಿಲ್ಲ. "ನನಗೆ ಬೇಡ ಅಂತ ಫೋನಲ್ಲಿ ಹೇಳಿದಾಳೆ" ಅಂದರೂ ಆಗುವುದಿಲ್ಲ. ಹಕ್ಕು ಬಿಡುವುದಾದರೆ ಹಕ್ಕು ಬಿಡುಗಡೆ ಪತ್ರ ಬರೆದು ನೋಂದಣಿ ಮಾಡಿಸಬೇಕು. ಇಲ್ಲವೇ ಕ್ರಯಪತ್ರಕ್ಕೆ ಮಾರುವವರಲ್ಲಿ ಒಬ್ಬರಾಗಿ ಸೇರಬೇಕು.

ಈಗ ಆ ಸಂಗತಿ. ಆ ಎರಡನೇ ಫೋಟೋ.

ಯಜಮಾನರು 2019ರಲ್ಲಿ ಹೋದರು. ಅಜ್ಜಿ ಹೋಗಿದ್ದು ಅದಾದ ಎರಡು ವರ್ಷಕ್ಕೆ. ಅಂದರೆ ಮಗ ಸತ್ತ ದಿನ ತಾಯಿ ಬದುಕಿದ್ದರು. ವಿಲ್ ಇಲ್ಲದೆ ಸತ್ತ ಹಿಂದೂ ಗಂಡಸಿನ ಮೊದಲ ವರ್ಗದ ವಾರಸುದಾರರಲ್ಲಿ ಹೆಂಡತಿ, ಮಕ್ಕಳು ಮಾತ್ರ ಅಲ್ಲ, ತಾಯಿಯೂ ಇದ್ದಾಳೆ. ಅವಳಿಗೂ ಸಮ ಪಾಲು. ನಮ್ಮ ಜನ ಇದನ್ನು ಮರೆಯುತ್ತಾರೆ. ಮರೆತು ಮಾರುತ್ತಾರೆ, ಮರೆತು ಕೊಳ್ಳುತ್ತಾರೆ.

ನೀವು ಗಣಿತ ಟೀಚರ್ ಅಲ್ವಾ, ಭಿನ್ನರಾಶಿ ತೆಗೆಯಿರಿ. ಹೆಂಡತಿ, ಮೂರು ಮಕ್ಕಳು, ತಾಯಿ. ಐದು ಜನ, ತಲಾ 1/5. ಅಜ್ಜಿಗೆ ಬಂದ 1/5 ಅಜ್ಜಿಯ ಸ್ವಂತ ಆಸ್ತಿ. ಅಜ್ಜಿ ವಿಲ್ ಬರೆಯದೆ ಹೋಗಿದ್ದರೆ ಅದು ಅಜ್ಜಿಯ ಮಕ್ಕಳಿಗೆ ಹೋಗುತ್ತದೆ, ಗಂಡ ಬದುಕಿದ್ದರೆ ಅವರಿಗೂ. ತೀರಿಹೋದ ಮಗನ ಪಾಲು ಆ ಮಗನ ಮಕ್ಕಳಿಗೆ. ಅಂದರೆ ನೀವು ಕೊಳ್ಳುತ್ತಿರುವ ಮನೆಯಲ್ಲಿ ಯಜಮಾನರ ಅಣ್ಣತಮ್ಮಂದಿರಿಗೂ ಅಕ್ಕತಂಗಿಯರಿಗೂ ಪಾಲಿದೆ. ಅವರಿಗೂ ಬಹುಶಃ ಗೊತ್ತಿಲ್ಲ. ಮಾರುವ ಮಗನಿಗೂ ಗೊತ್ತಿರಲಿಕ್ಕಿಲ್ಲ. ಆ ಅಮ್ಮ ಅತ್ತದ್ದು ನಿಜವಾದ ಅಳುವೇ. ಪಾಲು ಹೋಗಿರುವುದೂ ನಿಜವೇ.

ವಂಶವೃಕ್ಷ ತೋರಿಸಿದ್ದಾರಾ? ತೋರಿಸಿದ್ದರೂ ಅದರಲ್ಲಿ ಅಜ್ಜಿ ಇರುವುದಿಲ್ಲ ಅಂತ ಈಗಲೇ ಹೇಳುತ್ತೇನೆ. ಜನ ವಂಶವೃಕ್ಷ ಬರೆಸುವುದು ಸತ್ತವನಿಂದ ಕೆಳಕ್ಕೆ. ತಾಯಿ ಮೇಲಿರುತ್ತಾಳೆ.

ಇಸಿಯಲ್ಲಿ ಇದೆಲ್ಲ ಯಾಕೆ ಬರಲಿಲ್ಲ ಅಂತ ಕೇಳಬಹುದು. ಇಸಿಯಲ್ಲಿ ಬರುವುದು ನೋಂದಣಿಯಾದ ಪತ್ರಗಳು. ಸಾವು ನೋಂದಣಿಯಾಗುವುದು ಇನ್ನೊಂದು ಆಫೀಸಿನಲ್ಲಿ. ಯಾರು ಸತ್ತರು, ಯಾರಿಗೆ ಪಾಲು ಬಂತು, ಯಾರು ಕೋರ್ಟಿಗೆ ಹೋಗಿದ್ದಾರೆ, ಯಾರ ಹತ್ತಿರ ನೋಂದಣಿಯಾಗದ ವಿಲ್ ಇದೆ, ಇವು ಯಾವುದೂ ಇಸಿಗೆ ಗೊತ್ತಿಲ್ಲ. ಅದರ ಮೇಲೆ ನಿಮ್ಮದು 13 ವರ್ಷದ ಇಸಿ. ಸೈಟು ಕೊಂಡದ್ದು 1994. ಆವತ್ತಿಂದ ಇವತ್ತಿನವರೆಗೆ ತೆಗೆಸಿ. 2004ರಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಕೂತಲ್ಲೇ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಆಫೀಸಿಗೆ ಅರ್ಜಿ ಕೊಟ್ಟು ಹಳೇ ಪುಸ್ತಕ ಹುಡುಕಿಸಬೇಕು. ಬ್ರೋಕರ್ 13 ವರ್ಷಕ್ಕೆ ನಿಲ್ಲಿಸಿದ್ದು ಸೋಮಾರಿತನಕ್ಕೆ ಇರಬೇಕು, ಬೇರೇನೂ ಇರಲಿಕ್ಕಿಲ್ಲ.

ಹಳೇಮನೆ ಹುಡುಕಾಟ

ಸರ್, ಎರಡು ಸಲ ಓದಿದೆ. ಮೈ ಜುಮ್ಮೆಂದಿತು. ಆ ಫೋಟೋ ವಿಷಯ ಸುಮ್ನೆ ಬರೆದಿದ್ದೆ, ಅಳಿಸೋಣ ಅಂತಲೂ ಅಂದುಕೊಂಡಿದ್ದೆ. ವಂಶವೃಕ್ಷ ಇದೆ. ನೀವು ಹೇಳಿದ ಹಾಗೇ ಹೆಂಡತಿ, ಮೂರು ಮಕ್ಕಳು ಅಷ್ಟೇ.

ಕೊಟ್ಟಿರುವ 2 ಲಕ್ಷದ ಗತಿ ಏನು? ಆ ಅಗ್ರಿಮೆಂಟಿಗೆ ಬೆಲೆ ಇದೆಯಾ? ಬ್ಯಾಂಕಿನ ವಕೀಲರು ಇದನ್ನು ಹಿಡಿಯುತ್ತಿರಲಿಲ್ಲವಾ?

ನಿವೃತ್ತ ಪತ್ರಬರಹಗಾರ

ಬ್ಯಾಂಕಿನ ವಕೀಲರು ಅವರ ಮುಂದೆ ಇಟ್ಟ ಕಾಗದ ನೋಡಿ ಅಭಿಪ್ರಾಯ ಬರೆಯುತ್ತಾರೆ. ಒಳ್ಳೆಯವರಾದರೆ ತಾಯಿ ಯಾವಾಗ ತೀರಿಕೊಂಡರು ಅಂತ ಕೇಳುತ್ತಾರೆ. ಕೇಳದವರನ್ನೂ ನೋಡಿದ್ದೇನೆ. ಅವರ ಕೆಲಸ ಬ್ಯಾಂಕಿನ ಸಾಲ ಕಾಯುವುದು. ನಾಳೆ ದಾವೆ ಬಿದ್ದರೆ ಕಂತು ಕಟ್ಟುತ್ತಾ ಕೋರ್ಟಿಗೆ ಅಲೆಯುವವರು ನೀವು. 62 ಲಕ್ಷ ಕೊಡುವವರು ನಿಮ್ಮದೇ ವಕೀಲರೊಬ್ಬರಿಗೆ ಫೀಸು ಕೊಡಲು ಹಿಂಜರಿಯಬೇಡಿ.

ಅಗ್ರಿಮೆಂಟು. ನೋಟರಿ ಸೀಲು ಬಿದ್ದರೆ ನೋಂದಣಿ ಆದಂತಲ್ಲ. ನೋಟರಿ ಹೇಳುವುದು "ಈತ ನನ್ನ ಮುಂದೆ ಸಹಿ ಹಾಕಿದ" ಅಂತ, ಅಷ್ಟೇ. ಹಾಗಂತ ಅದು ಬರೀ ರದ್ದಿಯೂ ಅಲ್ಲ. ಕರಾರಿನಂತೆ ಕ್ರಯ ಮಾಡಿಕೊಡಿ ಅಂತ ದಾವೆ ಹಾಕುವಾಗ ನೋಂದಣಿಯಾಗದ ಕರಾರನ್ನೂ ಸಾಕ್ಷಿಯಾಗಿ ಇಡಬಹುದು. ಸ್ಟಾಂಪು ಕಮ್ಮಿ ಬಿದ್ದಿದ್ದರೆ ಮೊದಲು ಬಾಕಿಯನ್ನೂ ದಂಡವನ್ನೂ ಕಟ್ಟಬೇಕಾಗುತ್ತದೆ. ದಾವೆಗೆ ಮೂರು ವರ್ಷದ ಗಡುವಿದೆ. ಕರಾರಿನಲ್ಲಿ ತಾರೀಖು ನಿಗದಿ ಮಾಡಿದ್ದರೆ ಆ ದಿನದಿಂದ, ಇಲ್ಲದಿದ್ದರೆ ಅವರು ಆಗಲ್ಲ ಅಂದದ್ದು ನಿಮಗೆ ಗೊತ್ತಾದ ದಿನದಿಂದ. ಆದರೆ ದೊಡ್ಡ ಮಗ ಒಬ್ಬನೇ ಸಹಿ ಹಾಕಿದ್ದರಿಂದ ಅದು ಕಟ್ಟಿಹಾಕುವುದು ಅವನೊಬ್ಬನನ್ನು, ಅವನ ಪಾಲಿನಷ್ಟಕ್ಕೆ. ಅಣ್ಣ ಸಹಿ ಹಾಕಿದ ಅಂತ ತಮ್ಮನ ಪಾಲು ಬರುವುದಿಲ್ಲ. ಕರಾರು ಅಂದರೆ ಮುಂದೆ ಮಾರುತ್ತೇನೆ ಅನ್ನುವ ಮಾತು. ಮನೆ ನಿಮ್ಮದಾಗುವುದು ಕ್ರಯಪತ್ರ ನೋಂದಣಿಯಾದ ಮೇಲೆಯೇ.

ನಗದು ಕೊಟ್ಟದ್ದು ತಪ್ಪು. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಮುಂಗಡವನ್ನು ನಗದಾಗಿ ಪಡೆಯುವಂತಿಲ್ಲ. ಸಿಕ್ಕಿಬಿದ್ದರೆ ಪಡೆದಷ್ಟೇ ಮೊತ್ತ ದಂಡ, ಅದು ಪಡೆದವರಿಗೆ. ನಿಮಗೆ ಬರುವ ಕಷ್ಟ ಬೇರೆ. ಕೊಟ್ಟಿದ್ದೇನೆ ಅಂತ ನಾಳೆ ತೋರಿಸಲು ಆ ಒಂದು ಕಾಗದ ಬಿಟ್ಟರೆ ಏನಿದೆ? ಅವರು ಒಪ್ಪಿದರೆ ಆ ದುಡ್ಡು ಬ್ಯಾಂಕ್ ಮೂಲಕ ವಾಪಸ್ ಹಾಕಿಸಿಕೊಂಡು, ಎಲ್ಲರ ಜೊತೆ ಹೊಸ ಕರಾರು ಮಾಡಿಕೊಂಡು, ಬ್ಯಾಂಕಿನಿಂದಲೇ ಕೊಡಿ.

42 ಲಕ್ಷ ತೋರಿಸುವ ಮಾತು ಬಿಟ್ಟುಬಿಡಿ. ಬ್ರೋಕರ್ ಉಳಿಸಿಕೊಡುತ್ತೇನೆ ಅನ್ನುವುದು ಎಷ್ಟು ಅಂತ ನೋಡಿ. 62 ಲಕ್ಷಕ್ಕೆ ಮುದ್ರಾಂಕ ಶುಲ್ಕ 5%, ಅಂದರೆ 3,10,000. ಅದರ ಮೇಲೆ ಸೆಸ್ಸು 10%, 31,000. ಪೇಟೆಯಲ್ಲಿ ಸರ್‌ಚಾರ್ಜು 2%, 6,200. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಗಿದೆ, 1,24,000. ಒಟ್ಟು 4,71,200. 42 ಲಕ್ಷಕ್ಕಾದರೆ 3,19,200. ಉಳಿಯುವುದು ಒಂದೂವರೆ ಲಕ್ಷ. ಅದಕ್ಕೆ 20 ಲಕ್ಷ ಕಪ್ಪು ಹಣ ಹೊಂದಿಸಬೇಕು, ಬ್ಯಾಂಕು ಸಾಲ ಕೊಡುವುದು 42ರ ಲೆಕ್ಕದಲ್ಲಿ, ನಾಳೆ ನೀವು ಮಾರುವಾಗ ಕೊಂಡ ಬೆಲೆ 42 ಅಂತಲೇ ತೆರಿಗೆ ಲೆಕ್ಕ. ವ್ಯವಹಾರ ಮುರಿದರೆ ವಾಪಸ್ ಕೇಳಲು ಆಧಾರ ಇರುವುದೂ 42ಕ್ಕೆ ಮಾತ್ರ. ಅಷ್ಟಕ್ಕೂ ಮಾರ್ಗಸೂಚಿ ದರದ (ಸರ್ಕಾರ ಆ ಜಾಗಕ್ಕೆ ಗೊತ್ತುಮಾಡಿದ ಕನಿಷ್ಠ ಬೆಲೆಯ) ಲೆಕ್ಕ 42ಕ್ಕಿಂತ ಜಾಸ್ತಿ ಇದ್ದರೆ ಶುಲ್ಕ ಬೀಳುವುದು ಆ ದರಕ್ಕೇ. ನಿಮ್ಮ ರಸ್ತೆಯ ದರ ಎಷ್ಟು ಅಂತ ಕಾವೇರಿಯಲ್ಲೇ ನೋಡಿ.

ಅಪಾರ್ಟ್‌ಮೆಂಟ್ ಆಸೆ

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಾನು ಹೊಸ ಫ್ಲಾಟ್ ಬುಕ್ ಮಾಡುತ್ತಿದ್ದೇನೆ. ಬಿಲ್ಡರ್ ಅಗ್ರಿಮೆಂಟಿಗೆ ಮುಂಚೆಯೇ 20% ಕಟ್ಟಿ ಅಂತಿದ್ದಾರೆ. ಕಟ್ಟಬಹುದಾ?

ನಿವೃತ್ತ ಪತ್ರಬರಹಗಾರ

ಕಟ್ಟಬೇಡಿ. ರೇರಾ ಅಂದರೆ ಬಿಲ್ಡರ್‌ಗಳನ್ನು ನಿಯಂತ್ರಿಸುವ ಕಾಯ್ದೆ. ಅದರಲ್ಲಿ, ನೋಂದಣಿಯಾದ ಕರಾರಿಗೆ ಮುಂಚೆ 10%ಗಿಂತ ಜಾಸ್ತಿ ಕೇಳುವಂತಿಲ್ಲ. ಯೋಜನೆಯ ರೇರಾ ನಂಬರ್ ಕೇಳಿ, ಜಾಲತಾಣದಲ್ಲಿ ಹಾಕಿ ನೋಡಿ. ಬೆಲೆ ಕಾರ್ಪೆಟ್ ಏರಿಯಾಗೆ (ಮನೆಯೊಳಗೆ ಬಳಸಲು ಸಿಗುವ ಜಾಗಕ್ಕೆ) ಎಷ್ಟು ಬೀಳುತ್ತದೆ ಅಂತಲೂ ಕೇಳಿ. ಉಳಿದದ್ದಕ್ಕೆ ಬೇರೆ ಪ್ರಶ್ನೆ ಹಾಕಿ, ಇಲ್ಲಿ ಈಗಾಗಲೇ ಐದು ಜನ ವಾರಸುದಾರರು ಕೂತಿದ್ದಾರೆ.

ಕಡಲಾಚೆಯವಳು

ಹಳೇಮನೆ ಅಕ್ಕಾ, ಆ ಮಗಳ ಜಾಗದಲ್ಲಿ ನಾನಿದ್ದೆ, ಅದಕ್ಕೆ ಬರೆಯುತ್ತಿದ್ದೇನೆ. ನಾನೂ ಕೊಲ್ಲಿ ದೇಶದಲ್ಲಿರುವುದು. "ಅವಳು ಬರೋಕಾಗಲ್ಲ" ಅನ್ನುವುದು ನೆಪ. ಬರದೆಯೂ ಆಗುತ್ತದೆ. ನಮ್ಮ ಅಪ್ಪನ ಮನೆ ಮಾರುವಾಗ ನಾನು ಇಲ್ಲಿಂದಲೇ ಅಮ್ಮನಿಗೆ ಪವರ್ ಆಫ್ ಅಟಾರ್ನಿ ಕೊಟ್ಟೆ. ಡ್ರಾಫ್ಟ್ ಊರಿನಿಂದ ಮೇಲ್‌ನಲ್ಲಿ ಬಂತು. ಭಾರತದ ರಾಯಭಾರ ಕಚೇರಿಗೆ ಹೋಗಿ, ಅಧಿಕಾರಿಯ ಮುಂದೆ ಸಹಿ ಹಾಕಿ, ಅವರ ಸೀಲು ಹಾಕಿಸಿ, ಮೂಲ ಪ್ರತಿಯನ್ನು ಕೊರಿಯರ್ ಮಾಡಿದೆ. ಒಂದು ಎಚ್ಚರಿಕೆ, ಅದು ಊರು ತಲುಪಿದ ಮೂರು ತಿಂಗಳೊಳಗೆ ಜಿಲ್ಲಾ ನೋಂದಣಿ ಕಚೇರಿಯಲ್ಲಿ ಸ್ಟಾಂಪು ಶುಲ್ಕ ಕಟ್ಟಿಸಬೇಕು. ನಮ್ಮಮ್ಮ ಅದನ್ನು ಬೀರುವಿನಲ್ಲಿ ಇಟ್ಟುಬಿಟ್ಟಿದ್ದರು. ಗಡುವಿಗೆ ಒಂಬತ್ತು ದಿನ ಇದೆ ಅನ್ನುವಾಗ ನೆನಪಾಯಿತು.

ಇನ್ನೊಂದು ಮಾತು ಹೇಳಲೇ? ನನಗೆ ದುಡ್ಡು ಬೇಕಿರಲಿಲ್ಲ. ಆದರೆ ಅಣ್ಣ ನನ್ನನ್ನು ಕೇಳಲೇ ಇಲ್ಲ. ಕೊಳ್ಳಲು ಬಂದವರು ನನ್ನ ನಂಬರ್ ತೆಗೆದುಕೊಂಡು ಫೋನ್ ಮಾಡಿದ ಮೇಲೆ ನನಗೆ ಗೊತ್ತಾಗಿದ್ದು. ಅವತ್ತು ಅಪ್ಪನ ಮನೆಯ ಬಗ್ಗೆ ನನ್ನನ್ನು ಕೇಳಿದ್ದು ಹೊರಗಿನವರು. ನೀವೂ ಫೋನ್ ಮಾಡಿ.

ನಿವೃತ್ತ ಪತ್ರಬರಹಗಾರ

ಈ ತಂಗಿ ಹೇಳಿದ್ದು ಬೆಲೆಯುಳ್ಳ ಮಾತು. ಅದಕ್ಕೆ ಮೂರು ಮಾತು ಸೇರಿಸುತ್ತೇನೆ.

ಒಂದು, ಅಧಿಕಾರ ಪತ್ರದಲ್ಲಿ (ಪವರ್ ಆಫ್ ಅಟಾರ್ನಿ) ಈ ಮನೆಯ ವಿವರ, ಮಾರಿ ನೋಂದಣಿ ಮಾಡಿಕೊಡುವ ಅಧಿಕಾರ, ಎರಡನ್ನೂ ಬಿಡಿಸಿ ಬರೆಸಿ. ಕೊಟ್ಟವರು ಬದುಕಿರುವವರೆಗೆ ಮಾತ್ರ ಅದಕ್ಕೆ ಜೀವ. ನೋಂದಣಿಯ ದಿನ ಮಗಳ ಜೊತೆ ಒಂದು ವಿಡಿಯೋ ಕಾಲ್ ಮಾಡಿ, ಎಲ್ಲರಿಗೂ ಒಳ್ಳೆಯದು.

ಎರಡು, ತೆರಿಗೆ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕೊಳ್ಳುವವರು 1% ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಮಾರುವವರು ನಾಲ್ಕೈದು ಜನ, ಒಬ್ಬೊಬ್ಬರ ಪಾಲು 50 ಲಕ್ಷದ ಒಳಗಿದೆ ಅಂತ ಮೊದಲು ಜನ ತಪ್ಪಿಸಿಕೊಳ್ಳುತ್ತಿದ್ದರು. 2024ರ ಅಕ್ಟೋಬರ್ 1ರಿಂದ ಒಟ್ಟು ಬೆಲೆಯನ್ನೇ ನೋಡುವುದು. ಒಬ್ಬೊಬ್ಬರ ಪ್ಯಾನ್‌ಗೂ ಬೇರೆ ಬೇರೆ ಕಟ್ಟಬೇಕು. ಮಸ್ಕತ್‌ನ ಮಗಳು ತೆರಿಗೆ ಲೆಕ್ಕದಲ್ಲಿ ಅನಿವಾಸಿ ಆಗಿದ್ದರೆ ಅವರ ಪಾಲಿಗೆ ಈ 1% ನಡೆಯುವುದಿಲ್ಲ. ಅದಕ್ಕೆ ಬೇರೆ ನಿಯಮ, ದರ ತುಂಬಾ ಜಾಸ್ತಿ. ಹಿಡಿಯದಿದ್ದರೆ ನೋಟಿಸು ಬರುವುದು ಕೊಂಡವರಿಗೆ, ಮಾರಿದವರಿಗಲ್ಲ. ಆಡಿಟರ್ ಹತ್ತಿರ ಮೊದಲೇ ಕೂತು ಲೆಕ್ಕ ಹಾಕಿಸಿ.

ಮೂರು, ಎಲ್ಲರನ್ನೂ "ಮಾರುವವರು" ಅಂತಲೇ ಬರೆಸಿ. ಕೆಲವರು ಹೆಣ್ಣುಮಕ್ಕಳನ್ನು "ಒಪ್ಪಿಗೆ ಸಾಕ್ಷಿ" ಅಂತ ಕೊನೆಯಲ್ಲಿ ಸಹಿ ಹಾಕಿಸುತ್ತಾರೆ. ನಾನೂ ಶುರುವಿನ ವರ್ಷಗಳಲ್ಲಿ ಹಾಗೇ ಬರೆದಿದ್ದೇನೆ, ಸುಳ್ಳು ಹೇಳಲಾರೆ. ಸಾಕ್ಷಿ ಹಾಕಿದವರು ಆಮೇಲೆ "ನಾನು ನೋಡಿದೆ ಅಂತ ಸಹಿ ಹಾಕಿದೆ, ಮಾರಿದೆ ಅಂತ ಅಲ್ಲ" ಅಂದರೆ ವಾದಕ್ಕೆ ಜಾಗ ಸಿಗುತ್ತದೆ.

ಯಜಮಾನರ ತಮ್ಮನೋ ತಂಗಿಯೋ ತೀರಿಹೋಗಿ, ಅವರಿಗೆ ಹದಿನೆಂಟು ತುಂಬದ ಮಕ್ಕಳಿದ್ದರೆ ತಕ್ಷಣ ನನಗೆ ಹೇಳಿ. ಅಪ್ರಾಪ್ತರ ಪಾಲನ್ನು ತಾಯಿಯೋ ತಂದೆಯೋ ಮಾರಬೇಕಾದರೆ ಕೋರ್ಟಿನ ಅನುಮತಿ ಬೇಕು. ನಾನು ಬರೆದ ಒಂದು ಕ್ರಯಪತ್ರಕ್ಕೆ ತಾಯಿ ತಾನೂ ಸಹಿ ಹಾಕಿ, ಹನ್ನೆರಡು ವರ್ಷದ ಮಗನ ಪರವಾಗಿಯೂ ಹಾಕಿದ್ದರು. ಅನುಮತಿ ತಂದಿರಲಿಲ್ಲ, ನಾನೂ ಕೇಳಲಿಲ್ಲ. ಹುಡುಗ ಹದಿನೆಂಟು ತುಂಬಿದ ಮೇಲೆ, ಮೂರು ವರ್ಷದ ಗಡುವಿನೊಳಗೆ ದಾವೆ ಹಾಕಿದ. ಕೊಂಡವರು ಅಷ್ಟರಲ್ಲಿ ಮೇಲೆ ಇನ್ನೊಂದು ಮಹಡಿ ಕಟ್ಟಿದ್ದರು. ಕೋರ್ಟಿನಲ್ಲಿ ಆ ಮನುಷ್ಯ ನನ್ನ ಮುಖವನ್ನೇ ನೋಡುತ್ತಿದ್ದರು. ನಿಮ್ಮ ಪ್ರಶ್ನೆ ಓದಿದಾಗ ಮೊದಲು ನೆನಪಾಗಿದ್ದು ಅವರೇ.

ಹಳೇಮನೆ ಹುಡುಕಾಟ

ಮೂರು ವಾರ ಆಯಿತು, ಏನಾಯಿತು ಅಂತ ಹೇಳಬೇಕಲ್ಲ.

ಭಾನುವಾರ ಅವರ ಮನೆಗೆ ಹೋಗಿ ಅಜ್ಜಿಯ ವಿಷಯ ಎತ್ತಿದೆ. ಅಜ್ಜಿಗೆ ಮೂರು ಜನ ಮಕ್ಕಳು. ಯಜಮಾನರು, ಭದ್ರಾವತಿಯಲ್ಲಿ ಒಬ್ಬ ತಮ್ಮ, ಸಾಗರದಲ್ಲಿ ಒಬ್ಬ ತಂಗಿ. ಇಬ್ಬರೂ ಇದ್ದಾರೆ. ಅಜ್ಜಿಯ ಗಂಡ ಎಷ್ಟೋ ವರ್ಷದ ಹಿಂದೆಯೇ ಹೋದವರು. ಅಜ್ಜಿ ವಿಲ್ ಬರೆದಿಲ್ಲ.

ಲೆಕ್ಕ ನಾನೇ ಹಾಕಿದೆ. 1/5ರಲ್ಲಿ ಮೂರು ಭಾಗ, ತಮ್ಮನಿಗೆ 1/15, ತಂಗಿಗೆ 1/15. 1200 ಚದರ ಅಡಿಯಲ್ಲಿ ತಲಾ 80 ಚದರ ಅಡಿ. ಆ ಮನೆಯ ಅಡುಗೆಮನೆ ಹೆಚ್ಚುಕಡಿಮೆ ಅಷ್ಟೇ ಇದೆ. ದುಡ್ಡಿನಲ್ಲಿ 4,13,333.

ದೊಡ್ಡ ಮಗನಿಗೆ ಸಿಟ್ಟು ಬಂತು. "ನೀವು ಮನೆ ಕೊಳ್ಳೋಕೆ ಬಂದ್ರೋ, ಮನೆ ಒಡೆಯೋಕೆ ಬಂದ್ರೋ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರಿಗೆ ಗೊತ್ತೇ ಇಲ್ಲದ ಒಂದು ಪಾಲನ್ನು ನಾನು ಎಬ್ಬಿಸಿ ಕೂರಿಸಿದ್ದೆ. ಎದ್ದು ಬರುವಾಗ ಆ ಅಮ್ಮ ಬಾಗಿಲವರೆಗೆ ಬಂದು, ಮೆಲ್ಲಗೆ ಮಗಳ ಫೋನ್ ನಂಬರ್ ಹೇಳಿದರು. ಬರೆದುಕೊಳ್ಳಲು ಪೆನ್ನು ಸಿಗದೆ ಬಾಯಿಪಾಠ ಮಾಡಿಕೊಂಡು ಬಂದೆ.

ಮಗಳ ಜೊತೆ ಒಂದು ಗಂಟೆ ಮಾತಾಯಿತು. ಕಡಲಾಚೆಯವಳು ಬರೆದ ಹಾಗೇ, ಅವರಿಗೆ ಮನೆ ಮಾರುತ್ತಿರುವುದು ಪಕ್ಕದ ಮನೆಯವರ ವಾಟ್ಸಾಪ್‌ನಿಂದ ಗೊತ್ತಾಗಿತ್ತಂತೆ. ಸಹಿ ಹಾಕುತ್ತೇನೆ, ನನ್ನ ಪಾಲು ನನ್ನ ಅಕೌಂಟಿಗೇ ಬರಲಿ, ಅಮ್ಮನಿಗೆ ನಾನೇ ಕೊಡುತ್ತೇನೆ ಅಂದರು. ರಾಯಭಾರ ಕಚೇರಿಯಲ್ಲಿ ಸಮಯ ತೆಗೆದುಕೊಂಡಿದ್ದಾರೆ. ಸಾಗರದ ಅತ್ತೆ ದುಡ್ಡು ಬೇಡ, ಮಾರುವ ಮುಂಚೆ ಒಂದು ಸಲ ಆ ಮನೆಯಲ್ಲಿ ಉಳಿದುಕೊಂಡು ಬರುತ್ತೇನೆ ಅಂದರಂತೆ. ಭದ್ರಾವತಿಯವರು ಮಾತ್ರ ಇನ್ನೂ ಲೆಕ್ಕ ಹಾಕುತ್ತಿದ್ದಾರೆ. ಮೊದಲು ನಕ್ಕರು, ಈಗ ನಾಲ್ಕು ಲಕ್ಷ ಅಂದರೆ ಸಣ್ಣದಲ್ಲ ಅಂತಿದ್ದಾರೆ. ಅವರದ್ದೂ ತಪ್ಪೇನಿಲ್ಲ.

2 ಲಕ್ಷ ಬ್ಯಾಂಕ್ ಮೂಲಕ ವಾಪಸ್ ಬಂತು. ಹೊಸ ಕರಾರಿನ ಡ್ರಾಫ್ಟ್ ನಮ್ಮ ವಕೀಲರು ಮಾಡುತ್ತಿದ್ದಾರೆ, ಬೆಲೆ 62 ಅಂತಲೇ. ಬ್ರೋಕರ್ ಫೋನ್ ಎತ್ತುತ್ತಿಲ್ಲ. ಸರ್, ಇನ್ನೇನಾದರೂ ನೋಡಬೇಕಾ?

ತುಂಗಾತೀರ

ಮೇಡಂ, ಮೊದಲಿಗೆ ತಪ್ಪು ಹೇಳಿದ್ದಕ್ಕೆ ಕ್ಷಮಿಸಿ. ಪತ್ರಬರಹಗಾರ ಸರ್, ಚಿಕ್ಕಮ್ಮನ ವಿಷಯ ಬೇರೆ ಪ್ರಶ್ನೆಯಾಗಿ ಹಾಕುತ್ತೇನೆ. ದಯವಿಟ್ಟು ನೋಡಿ.

ನಿವೃತ್ತ ಪತ್ರಬರಹಗಾರ

ಹಾಕಿ, ನೋಡೋಣ. ಅದು ಪಿತ್ರಾರ್ಜಿತವೋ ಸ್ವಯಾರ್ಜಿತವೋ, ನೋಂದಣಿಯಾದ ಪಾಲುಪಟ್ಟಿ ಇದೆಯಾ, ಇದ್ದರೆ 2004ರ ಡಿಸೆಂಬರ್ 20ಕ್ಕೆ ಮುಂಚಿನದಾ, ಇಷ್ಟು ಮೊದಲೇ ಬರೆಯಿರಿ. ಆ ತಾರೀಖಿಗೆ ಮುಂಚೆ ಆದ ಪಾಲನ್ನು 2005ರ ತಿದ್ದುಪಡಿ ಮುಟ್ಟುವುದಿಲ್ಲ.

ಟೀಚರ್, ನಿಮಗೆ. 1994ರ ಮೂಲ ಕ್ರಯಪತ್ರವನ್ನು ಕೈಯಲ್ಲಿ ಹಿಡಿದು ನೋಡಿ, ಜೆರಾಕ್ಸ್ ಬೇಡ. ಯಜಮಾನರು ಅದನ್ನು ಎಲ್ಲಾದರೂ ಅಡ ಇಟ್ಟು ಸಾಲ ತೆಗೆದಿದ್ದರೆ ಎಲ್ಲ ಸಲವೂ ಇಸಿಯಲ್ಲಿ ಬರುವುದಿಲ್ಲ. ಮೂಲ ಪತ್ರ ಕೈಗೆ ಸಿಗದಿದ್ದರೆ ಅಲ್ಲೇ ನಿಲ್ಲಿಸಿ. ಕುಟುಂಬದ ಎಲ್ಲರ ಹೆಸರನ್ನೂ ಕೋರ್ಟುಗಳ ಇ-ಕೋರ್ಟ್ಸ್ ಜಾಲತಾಣದಲ್ಲಿ ಹಾಕಿ ದಾವೆ ಇದೆಯಾ ನೋಡಿ. ಯಜಮಾನರ, ಅಜ್ಜಿಯ, ಅಜ್ಜಿಯ ಗಂಡನ ಮರಣ ಪತ್ರ ಮೂರೂ ಕ್ರಯಪತ್ರದ ಜೊತೆ ಫೈಲಿನಲ್ಲಿ ಇರಲಿ. ಯಾರು ಮೊದಲು ಹೋದರು ಅನ್ನುವುದರ ಮೇಲೇ ನಿಮ್ಮ ಲೆಕ್ಕ ನಿಂತಿದೆ. ವಂಶವೃಕ್ಷವನ್ನು ಈ ಸಲ ಅಜ್ಜಿಯಿಂದ ಶುರು ಮಾಡಿ ತೆಗೆಸಲು ಹೇಳಿ.

ಭದ್ರಾವತಿಯವರ ಜೊತೆ ನೀವು ಚೌಕಾಸಿಗೆ ಕೂರಬೇಡಿ. ಅದು ಅವರ ಕುಟುಂಬದ ಮಾತು. ನಿಮಗೆ ಬೇಕಾದ್ದು ಪತ್ರದಲ್ಲಿ ಅವರ ಸಹಿ, ಹೆಬ್ಬೆಟ್ಟು. ಅದಕ್ಕೆ ಮುಂಚೆ ಒಂದು ರೂಪಾಯಿಯೂ ಕೊಡಬೇಡಿ.

ಕೊನೆಗೆ ಚಕ್ಕುಬಂದಿ, ಅಂದರೆ ಸೈಟಿನ ನಾಲ್ಕು ದಿಕ್ಕಿನ ಗಡಿ. ಡ್ರಾಫ್ಟ್ ಮಾಡುವವರು ಹಳೇ ಪತ್ರ ನೋಡಿ ಹಾಗೇ ನಕಲು ಮಾಡುತ್ತಾರೆ. ಪೂರ್ವಕ್ಕೆ ಖಾಲಿ ಸೈಟು ಅಂತ 1994ರಲ್ಲಿ ಬರೆದಿದ್ದರೆ ಈಗ ಅಲ್ಲಿ ಯಾರದೋ ಮನೆ ಎದ್ದಿರುತ್ತದೆ. ಟೇಪು ಹಿಡಿದುಕೊಂಡು ನಾಲ್ಕೂ ದಿಕ್ಕು ನೀವೇ ಅಳೆದು ನೋಡಿ. ಆ ನುಗ್ಗೆ ಮರ ನಿಮ್ಮ ಗೆರೆಯ ಒಳಗಿದೆಯಾ, ಪಕ್ಕದವರದ್ದಾ ಅಂತಲೂ ನೋಡಿಕೊಳ್ಳಿ.

ಹಳೇಮನೆ ಹುಡುಕಾಟ

ಇವತ್ತು ಸಂಜೆ ಅಳೆದು ಬಂದೆವು ಸರ್. 30×40 ಸರಿಯಾಗಿದೆ. ಮರ ಪಕ್ಕದವರದ್ದು.